ಓದುವ ಮಗುವಿಗೊಬ್ಬ ಕೇಳುಗ

ಏಪ್ರಿಲ್ ಎರಡನೆಯ ವಾರದಲ್ಲಿ ನಮ್ಮ ನಾಡಿನ ಶಾಲೆಗಳು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಸುಮಾರು ಏಳು ವಾರ. ಮಕ್ಕಳು ಆಡಲಿ, ಅಜ್ಜಿಯ ಮನೆಗೆ ಹೋಗಲಿ, ಮಾವಿನ ತೋಪಿನಲ್ಲಿ ಅಲೆಯಲಿ. ಅದು ಅವರ ಹಕ್ಕು. ಆದರೆ ಇನ್ನೂ ಬೇರೂರದ ಓದು ಅಷ್ಟು ದಿನ ಬಳಕೆ ತಪ್ಪಿದರೆ ಬಾಡುತ್ತದೆ.

'ಕಮಲ', 'ಬಸವ' ಎಂದು ಸರಾಗವಾಗಿ ಓದುವ ಮಗು 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಒತ್ತಕ್ಷರಗಳ ಮುಂದೆ ನಿಂತುಬಿಡುತ್ತದೆ. ಅಕ್ಷರ ಬಿಡಿಸುವುದರಲ್ಲಿಯೇ ಗಮನವೆಲ್ಲ ವ್ಯಯವಾಗಿ, ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಆರಂಭ ಮನಸ್ಸಿನಿಂದ ಜಾರಿರುತ್ತದೆ. ಆಮೇಲೆ ಚರಿತ್ರೆಯೂ ವಿಜ್ಞಾನವೂ ಆ ಮಗುವಿಗೆ ದುರ್ಗಮವೇ.

ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2021ರ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಅವರಲ್ಲಿ ಶೇಕಡ 92 ಮಂದಿ ತಮಗೆ ಹಿಂದೆ ಬರುತ್ತಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಬೇಸಿಗೆಯ ರಜೆ ಅಷ್ಟು ದೀರ್ಘವಲ್ಲ, ನಷ್ಟವೂ ಅಷ್ಟಿರಲಾರದು; ಆದರೂ ಓದು ಬಳಕೆಯಿಂದಲೇ ಉಳಿಯುವ ವಿದ್ಯೆಯೆಂಬ ಮಾತು ಎರಡಕ್ಕೂ ಸಲ್ಲುತ್ತದೆ. ಕಾಲೇಜಿನಲ್ಲಿ ಕನ್ನಡ ಬೋಧಿಸುವ ನಾನು, ಬುದ್ಧಿವಂತರಾಗಿಯೂ ತರಗತಿಯಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದಲು ಅಂಜುವ ತರುಣರನ್ನು ಪ್ರತಿವರ್ಷವೂ ಕಾಣುತ್ತೇನೆ. ಆ ಅಂಜಿಕೆ ಕಾಲೇಜಿನಲ್ಲಿ ಹುಟ್ಟಿದ್ದಲ್ಲ.

ಇದಕ್ಕೆ ಪರಿಹಾರ ಕಾಪಿ ಬರೆಸುವುದಲ್ಲ, ರಜೆಯನ್ನೇ ಶಾಲೆಯಾಗಿಸುವುದೂ ಅಲ್ಲ. ಓದುವ ಮಗುವಿಗೆ ಬೇಕಾದುದು ಕೇಳುವವರು. ಹಿಂದೆ ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ಒಬ್ಬರು ವಾಚಿಸಿದರೆ ಅಕ್ಷರ ಬಾರದವರೂ ಕುಳಿತು ಕೇಳಿ ಸವಿಯುತ್ತಿದ್ದರು. ಈಗ ಸಂಜೆ ಹದಿನೈದು ನಿಮಿಷ ಮಗು ಓದಲಿ, ಹಿರಿಯರು ಕೇಳಲಿ. ತಾಯಿಗೆ ಓದು ಬಾರದಿದ್ದರೂ ಬಾಧಕವಿಲ್ಲ, "ಆಮೇಲೇನಾಯ್ತು, ಮಗಾ?" ಎಂಬ ಅವಳ ಒಂದು ಪ್ರಶ್ನೆಯೇ ಮಗುವನ್ನು ಮುಂದಿನ ಪುಟಕ್ಕೆ ಕರೆದೊಯ್ಯುತ್ತದೆ. ಓದುಬಲ್ಲವರು ನಡುನಡುವೆ ತಿದ್ದಲು ಹೋಗಬಾರದು. ಕತೆ ಮುಗಿದ ಮೇಲೆ ಎಡವಿದ ಪದವನ್ನು ಇನ್ನೊಮ್ಮೆ ಓದಿಸಿದರೆ ಸಾಕು.

ಪಂಜೆ ಮಂಗೇಶರಾಯರ ಕತೆಗಳು, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇವೆಲ್ಲ ನಾಲಗೆಯ ಮೇಲೆ ತಾವಾಗಿಯೇ ನಲಿಯುವಂಥವು. ಕೊಳ್ಳಲಾಗದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕಲ್ಪಿಸಿತು. ಪುಸ್ತಕವನ್ನು ಪಂಚಾಯಿತಿ ಒದಗಿಸೀತು. ಕೇಳುವ ಕಿವಿಯನ್ನು ಮಾತ್ರ ಮನೆಯೇ ಒದಗಿಸಬೇಕು.