ಹೆಗಲ ಮೇಲಿನ ನಕ್ಷತ್ರ

ಮುರಕಲ್ಲಿನ ಗುಡ್ಡ, ಅದರ ಬುಡಕ್ಕೆ ಅಡಿಕೆ ತೋಟ, ಕನ್ನಡ ಮಲಯಾಳ ಎರಡನ್ನೂ ಹೊತ್ತ ಫಲಕ. ಕೇರಳದಂಚಿನ ವರ್ಕಾಡಿಯ ಮಳೆಗಾಲದ ಬೆಳಗಿನ ಬಸ್ಸಿನೊಳಗೆ ತುಳು, ಬ್ಯಾರಿ, ಕೊಂಕಣಿ ಒಟ್ಟಿಗೇ ಗಲಗಲಿಸುತ್ತವೆ. ಕೊಡೆಗಳಿಂದ ಇಳಿದ ನೀರಿಗೆ ನೆಲವೆಲ್ಲ ಕೆಂಪು. ಆ ನೂಕುನುಗ್ಗಲಲ್ಲಿ ಸಮವಸ್ತ್ರಕ್ಕೆ ಕೆಸರು ತಾಗದಂತೆ ಮುದುಡಿ ನಿಂತವರು ನರ್ಸಿಂಗ್ ಓದುವ ಹುಡುಗಿಯರು. ಗಡಿ ದಾಟಿದರೆ ದೇರಳಕಟ್ಟೆ, ಅಲ್ಲಿ ಆಸ್ಪತ್ರೆ, ಕಾಲೇಜು. ಮುಂದೆ ಮಂಗಳೂರೋ ಗಲ್ಫೋ ಎಂದು ಮನೆಯವರ ಲೆಕ್ಕಾಚಾರ. ಸೈನ್ಯದ ಶುಶ್ರೂಷಾ ಸೇವೆ ಆ ಲೆಕ್ಕದೊಳಗೆ ಬರುವುದು ಕಡಿಮೆ.

ದಾರಿಯೇನೋ ಹಳೆಯದು. 1888ರ ಮಾರ್ಚ್ 28ರಂದು ಸೈನಿಕರ ಶುಶ್ರೂಷೆಗೆಂದು ಹತ್ತು ಮಂದಿ ಬ್ರಿಟಿಷ್ ದಾದಿಯರು ಮುಂಬಯಿಯಲ್ಲಿ ಹಡಗಿನಿಂದ ಇಳಿದರು. ಇಲ್ಲಿಯ ದಾದಿಯರನ್ನು ಸೇರಿಸಿಕೊಂಡದ್ದು 1914ರಲ್ಲಿ, ಮಹಾಯುದ್ಧ ತಲೆಮೇಲೆ ಬಂದ ಮೇಲೆ. 1976ರಲ್ಲಿ ಇದೇ ಸೇವೆಯ ಗರ್ಟ್ರೂಡ್ ಆಲಿ ರಾಮ್ ಮೇಜರ್ ಜನರಲ್ ಆದರು. ವೈದ್ಯಕೀಯದ ಹೊರಗಿನ ವಿಭಾಗಗಳು ಹೆಂಗಸರಿಗೆ ಬಾಗಿಲು ತೆರೆಯಲು 1992 ಬರಬೇಕಾಯಿತು!

1999ರ ಬೇಸಿಗೆ, ಕಾರ್ಗಿಲ್ ಯುದ್ಧ. ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಶ್ರೀನಗರದ 92 ಬೇಸ್ ಆಸ್ಪತ್ರೆಗೆ ತರುತ್ತಿದ್ದ ದಿನಗಳು. ಅಂಥ ವಾರ್ಡಿನಲ್ಲಿ ದಾದಿಯ ಕೆಲಸ ಕತ್ತರಿಯಿಂದ ಶುರು: ರಕ್ತ ಹೆಪ್ಪುಗಟ್ಟಿ ಮೈಗಂಟಿದ ಬಟ್ಟೆಯನ್ನು ಗಾಯ ಕೀಳದಂತೆ ಕತ್ತರಿಸಬೇಕು. ಹಿಮ ಕಡಿದು ಮರಗಟ್ಟಿದ ಕಾಲು ಬಂದರೆ ತಿಕ್ಕಿ ಬಿಸಿ ಮಾಡುವಂತಿಲ್ಲ; ಸತ್ತ ಚರ್ಮ ಸುಲಿದು ಬಂದೀತು. 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಟ್ಟು, ಆರುತ್ತಿದ್ದಂತೆ ಮತ್ತೆ ಬಿಸಿನೀರು ಬೆರೆಸುತ್ತ ಕಾಯಬೇಕು. ಜೀವ ಮರಳುವಾಗಲೇ ನೋವು ಹೆಚ್ಚು, ಗಟ್ಟಿ ಆಳೂ ಹಲ್ಲು ಕಚ್ಚುತ್ತಾನೆ. ಬೆನ್ನುಮೂಳೆಗೆ ಏಟು ಬಿದ್ದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮಲಗಿದ ಕಡೆಯೇ ಹುಣ್ಣು. ಯುದ್ಧದ ಸಿನಿಮಾಗಳಲ್ಲಿ ದಾದಿ ಬಂದರೆ ಕಣ್ಣೀರು ಒರೆಸಿಕೊಳ್ಳುತ್ತಾಳೆ. ನಿಜವಾದವಳಿಗೆ ಅದಕ್ಕೆ ಹೊತ್ತೆಲ್ಲಿ?

ಸ್ವೆಟರು ಕಪಾಟಿನಲ್ಲೇ ಉಳಿಯುವ ಈ ಕರಾವಳಿಯ ಹುಡುಗಿಗೆ ಹಿಮದ ನಾಡಿನ ಚಳಿಯೂ ಒಂದು ಪಾಠವೇ. ಈ ಸೇವೆ ಬೇಕೆಂದವರಿಗೆ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿ ಶುಶ್ರೂಷಾ ಕಾಲೇಜಿದೆ. ನಾಲ್ಕು ವರ್ಷದ ಬಿ.ಎಸ್ಸಿ., ಶುಲ್ಕವಿಲ್ಲ. ಮುಗಿಸಿ ಸೇವೆಗೆ ಸೇರಿದವಳು ಲೆಫ್ಟಿನೆಂಟ್, ಹೆಗಲ ಮೇಲೆ ಎರಡು ನಕ್ಷತ್ರ. ರಜೆಗೆ ಊರಿಗೆ ಬಂದರೆ ಮಾತ್ರ, ಪಕ್ಕದ ಮನೆಯ ಅಜ್ಜಿ ಬಿ.ಪಿ. ನೋಡೆಂದು ಕೈ ಚಾಚುವುದು ತಪ್ಪದು.