ತನಿಖೆ ಬೇರೆ, ವಿಚಾರಣೆ ಬೇರೆ

‘ಇನ್‌ವೆಸ್ಟಿಗೇಶನ್’ ಎಂಬ ಆಂಗ್ಲ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮಕ್ಕಳು ಕೇಳಿದರೆ ನಾವು ಥಟ್ಟನೆ ‘ತನಿಖೆ’ ಎನ್ನುತ್ತೇವೆ. ಉತ್ತರ ಸರಿಯೇ. ಆದರೆ ಅದೇ ದಿನದ ಪತ್ರಿಕೆಯನ್ನು ಬಿಡಿಸಿದರೆ ವಿಚಾರಣೆ, ತಪಾಸಣೆ, ಶೋಧ, ಪತ್ತೆ, ಪರಿಶೀಲನೆ ಎಂಬ ಪದಗಳೂ ಹೆಚ್ಚುಕಡಿಮೆ ಅದೇ ಅರ್ಥದಲ್ಲಿ ಕಾಣಸಿಗುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವುದು ನಮಗೆಲ್ಲ ರೂಢಿಯಾಗಿದೆ. ದಿನನಿತ್ಯದ ಮಾತುಕತೆಯಲ್ಲಿ ಇದರಿಂದ ನಷ್ಟವೇನಿಲ್ಲ. ಒಬ್ಬರ ಮಾನವೋ ಜೀವಮಾನದ ಉಳಿತಾಯವೋ ಪಣಕ್ಕಿರುವಾಗ ಮಾತ್ರ ಈ ಪದಗಳ ಅಂತರವನ್ನು ಅರಿತಿರಲೇಬೇಕಾಗುತ್ತದೆ.

ಆಂಗ್ಲ ಪದದ ಬೇರು ಲ್ಯಾಟಿನ್ ಭಾಷೆಯ ‘ಹೆಜ್ಜೆಗುರುತು’ ಎಂಬರ್ಥದ ಶಬ್ದದಲ್ಲಿದೆ. ಬೇಟೆಗಾರನು ಮೃಗದ ಜಾಡು ಹಿಡಿದು ಹೋಗುವುದೇ ಅದರ ಮೂಲಾರ್ಥ. ನಮ್ಮ ‘ತನಿಖೆ’ಯಾದರೋ ಅರಬ್ಬಿಯ ‘ತನ್‌ಕೀಹ್’ ಎಂಬುದರಿಂದ ಕಚೇರಿಗಳ ಪಾರಸಿಯ ಮೂಲಕ ಬಂದದ್ದು. ಬೇಡವಾದುದನ್ನು ಸವರಿ ಚೊಕ್ಕಗೊಳಿಸುವುದು ಎಂದು ಅದರ ಅರ್ಥ. ಸಂಸ್ಕೃತದ ‘ಶೋಧನೆ’ಯೂ ಶುದ್ಧಿಗೊಳಿಸುವ ಕ್ರಿಯೆಯೇ. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುವ ನಮ್ಮ ಅಜ್ಜಿಯರಿಗೂ ವಿಶ್ವವಿದ್ಯಾಲಯದ ಸಂಶೋಧಕರಿಗೂ ಒಂದೇ ಧಾತು ಒದಗಿಬಂದಿದೆ.

‘ವಿಚಾರಣೆ’ಯ ಕುಟುಂಬ ಇವೆಲ್ಲಕ್ಕಿಂತ ದೊಡ್ಡದು. ‘ವಿಚಾರ’ ಎಂದರೆ ಆಲೋಚನೆ, ‘ವಿಚಾರಿಸು’ ಎಂದರೆ ಕೇಳಿ ತಿಳಿದುಕೊಳ್ಳುವುದು. ಊರಿನಿಂದ ಬಂದವರ ಯೋಗಕ್ಷೇಮ ವಿಚಾರಿಸುತ್ತೇವೆ, ಮದುವೆಮನೆಯಲ್ಲಿ ಬೀಗರ ಊಟೋಪಚಾರವನ್ನು ಸರಿಯಾಗಿ ವಿಚಾರಿಸಿಕೊಳ್ಳಿರೆಂದು ಹಿರಿಯರು ಎಚ್ಚರಿಸುತ್ತಾರೆ. ಅದೇ ಹಿರಿಯರು ಕೋಪ ಬಂದಾಗ ‘ಅವನು ಮನೆಗೆ ಬರಲಿ, ವಿಚಾರಿಸಿಕೊಳ್ಳುತ್ತೇನೆ’ ಎನ್ನುವುದುಂಟು! ಆದರವೂ ಬೆದರಿಕೆಯೂ ಒಂದೇ ಕ್ರಿಯಾಪದದಲ್ಲಿ ವಾಸವಾಗಿರುವುದು ಕನ್ನಡದ ಸೊಗಸು.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ನೆರೆಭಾಷೆಗಳ ತೊಡಕೂ ಇದೆ. ಮುಂಬಯಿ, ಪುಣೆಗಳ ಮರಾಠಿ ಪತ್ರಿಕೆಗಳಲ್ಲಿ ಪೊಲೀಸರು ನಡೆಸುವುದು ‘ತಪಾಸ್’. ಕನ್ನಡದಲ್ಲಿ ತಪಾಸಣೆ ಎಂದರೆ ವೈದ್ಯರು ರೋಗಿಯನ್ನೋ ಟಿಕೆಟ್ ಕಲೆಕ್ಟರರು ಪಾಸನ್ನೋ ನೋಡುವುದು. ಹೈದರಾಬಾದಿನಲ್ಲಿ ಇದಕ್ಕೆ ತದ್ವಿರುದ್ಧ. ತೆಲುಗಿನ ‘ತನಿಖೀ’ ಬರಿಯ ತಪಾಸಣೆ, ಪೊಲೀಸರದು ‘ದರ್ಯಾಪ್ತು’. ಚೆನ್ನೈಯಲ್ಲಿ ‘ವಿಸಾರಣೈ’ ನಮಗೆ ಪರಿಚಿತವೆನಿಸಿದರೂ ಅಪರಾಧದ ಜಾಡು ಹಿಡಿಯುವ ಕೆಲಸಕ್ಕೆ ‘ಪುಲನಾಯ್ವು’ ಎಂಬ ಬೇರೆ ಪದವೇ ಇದೆ.

ಇನ್ನು ಕಾನೂನಿನ ಮಾತು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಎರಡರಲ್ಲಿಯೂ ತನಿಖೆಯೆಂದರೆ ಪೊಲೀಸ್ ಅಧಿಕಾರಿಯು, ಇಲ್ಲವೆ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಬೇರೊಬ್ಬರು, ಸಾಕ್ಷ್ಯವನ್ನು ಕಲೆಹಾಕುವ ಕೆಲಸ. ಮ್ಯಾಜಿಸ್ಟ್ರೇಟರು ತಾವೇ ತನಿಖೆ ಮಾಡುವವರಲ್ಲ; ಅವರ ಮುಂದೆ ನಡೆಯುವುದು ವಿಚಾರಣೆ. ತೊಡಕಿರುವುದು ಇಲ್ಲಿಯೇ. ಪೊಲೀಸರು ಠಾಣೆಯಲ್ಲಿ ನಾಲ್ಕು ಪ್ರಶ್ನೆ ಕೇಳಿದರೂ ನಮ್ಮ ಪತ್ರಿಕೆಗಳು ‘ವಿಚಾರಣೆ’ ಎಂದು ಬರೆಯುತ್ತವೆ, ನ್ಯಾಯಾಲಯ ವಾದ ಆಲಿಸಿದರೂ ‘ವಿಚಾರಣೆ’, ಆರೋಪ ಹೊರಿಸಿದ ಮೇಲೆ ನಡೆಯುವ ದೀರ್ಘ ಪ್ರಕ್ರಿಯೆಯೂ ‘ವಿಚಾರಣೆ’. ಸಾಕ್ಷಿಯಾಗಿ ಹೋಗಿ ಬಂದವರನ್ನೂ ಕಟಕಟೆಯಲ್ಲಿ ನಿಂತವರನ್ನೂ ಓದುಗರು ಒಂದೇ ದೃಷ್ಟಿಯಿಂದ ನೋಡಲು ಈ ಪದದ ಬಳಕೆಯೂ ಒಂದು ಕಾರಣವೆಂಬುದು ನಮ್ಮ ಅಭಿಪ್ರಾಯ.

ಬ್ಯಾಂಕಿನ ನೌಕರರಾದ ನಾವು ಇದನ್ನು ಹತ್ತಿರದಿಂದ ಕಂಡವರು. ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಾಗ ಮೊದಲು ಕಾಗದಪತ್ರಗಳ ಪರಿಶೀಲನೆ, ಬಳಿಕ ಆಂತರಿಕ ತನಿಖೆ. ಅದರಲ್ಲಿ ಹುರುಳಿದ್ದರೆ ಮಾತ್ರ ಆರೋಪಪಟ್ಟಿ, ಆಮೇಲೆ ಇಲಾಖಾ ವಿಚಾರಣೆ. ಆ ಹಂತದಲ್ಲಿ ಆರೋಪಿತ ನೌಕರನಿಗೆ ದಾಖಲೆಗಳನ್ನು ನೋಡುವ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶವಿರುತ್ತದೆ. ಎಷ್ಟೋ ತನಿಖೆಗಳು ಆರೋಪಪಟ್ಟಿಯವರೆಗೆ ಹೋಗುವುದೇ ಇಲ್ಲ. ಆದರೆ ‘ಅವರ ಮೇಲೆ ಎನ್‌ಕ್ವಯರಿ ಇದೆಯಂತೆ’ ಎಂಬ ಒಂದು ಪಿಸುಮಾತು ಕಾಲೋನಿಯಲ್ಲಿ ಹಬ್ಬಿದರೆ ಸಾಕು, ಆ ಮನೆಯ ಹುಡುಗಿಗೆ ಬಂದ ಸಂಬಂಧವೂ ಹಿಂದೆ ಸರಿಯುತ್ತದೆ.

ಈಚಿನ ವರ್ಷಗಳಲ್ಲಿ ಇದೇ ಅಜ್ಞಾನವನ್ನು ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ. ಸಿಬಿಐ ಎಂದೋ ಮುಂಬಯಿ ಪೊಲೀಸ್ ಎಂದೋ ಹೇಳಿಕೊಂಡು ವಿಡಿಯೋ ಕರೆ ಮಾಡುತ್ತಾರೆ. ‘ನಿಮ್ಮ ವಿಚಾರಣೆ ನಡೆಯುತ್ತಿದೆ, ಕೋಣೆ ಬಿಟ್ಟು ಕದಲಬೇಡಿ, ಯಾರಿಗೂ ತಿಳಿಸಬೇಡಿ’ ಎಂದು ಗದರಿಸಿ, ‘ಪರಿಶೀಲನೆ’ಯ ನೆಪದಲ್ಲಿ ಹಣವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಮಂತ್ರಿಯವರೂ ಇದನ್ನು ಸ್ಪಷ್ಟಪಡಿಸಿದ್ದರು. ನಿವೃತ್ತರಾದ ಹಿರಿಯರು ಮುಖ ಬಾಡಿಸಿಕೊಂಡು ಕೌಂಟರಿಗೆ ಬಂದು, ಕಾರಣ ಹೇಳದೆ ನಿಶ್ಚಿತ ಠೇವಣಿಯನ್ನೆಲ್ಲ ಮುರಿಯಬೇಕೆಂದರೆ ಈಗ ನಮಗೆ ಮೊದಲು ಹೊಳೆಯುವುದೇ ಈ ಶಂಕೆ.

ನೆನಪಿಡಬೇಕಾದುದು ಇಷ್ಟು. ತನಿಖೆ ನಡೆಸುವವರು ಸಾಕ್ಷ್ಯ ಕೇಳುತ್ತಾರೆ, ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಸಾಕ್ಷಿಯಾಗಿ ಹಾಜರಾಗಬೇಕೆಂದು ಪೊಲೀಸರು ಕಡ್ಡಾಯಪಡಿಸಬೇಕಾದರೆ ಲಿಖಿತ ಆದೇಶ ಬೇಕು. ಹೊಸ ಸಂಹಿತೆಯ 179ನೇ ಪ್ರಕರಣದಂತೆ ಮಹಿಳೆಯರನ್ನೂ 60 ವರ್ಷ ಮೀರಿದ ಪುರುಷರನ್ನೂ ಹಾಗೆ ತಮ್ಮ ವಾಸಸ್ಥಳ ಬಿಟ್ಟು ಬರುವಂತೆ ಬಲವಂತಪಡಿಸುವಂತಿಲ್ಲ. ಹಣ ಕೈಬಿಟ್ಟು ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಎಷ್ಟು ಬೇಗ ತಿಳಿಸಿದರೆ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.