ಮೈಯೊಳಗಿನ ಗುರುತು: ಅರಬರಿಂದ ಒಂದು ಪಾಠ

ನಮ್ಮನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಗುರುತಿಸಲಿಕ್ಕೆಂದು ಸೂರಾ ಅಲ್ ಹುಜುರಾತ್‌ನ 13ನೇ ಸೂಕ್ತದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಅಂತಹ ಒಂದು ಗುರುತು ನಮ್ಮ ಮೈಯೊಳಗೂ ಇದೆ.

ನಮ್ಮ ಹೆಚ್ಚಿನ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ರೋಗನಿರೋಧಕ ಶಕ್ತಿ ತಿಳಿಯುವುದು ಇವುಗಳ ಮೂಲಕ. ಇದರ ಜೀನ್‌ಗಳ ಒಂದು ಕಂತೆ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಅವುಗಳಲ್ಲಿ ಸಾವಿರಾರು ಬಗೆಗಳಿವೆ.

ಹೊರಗಿನಿಂದ ನೋಡುವವರಿಗೆ ಸೌದಿ ಅರೇಬಿಯಾದವರೆಲ್ಲ ಒಂದೇ. ಆದರೆ ಹಜ್ಜ್‌ಗೆ ಬಂದು ಹಿಜಾಝ್‌ನಲ್ಲೇ ನೆಲೆಸಿದ ಜಾವಾ, ಬುಖಾರಾ, ಆಫ್ರಿಕಾ, ಹಿಂದೂಸ್ಥಾನದವರ ಮಕ್ಕಳೂ ಅಲ್ಲಿದ್ದಾರೆ. ತಮ್ಮೊಳಗೇ ಸಂಬಂಧ ಬೆಳೆಸುವ ನಜ್ದ್‌ನ ಗೋತ್ರಗಳೂ ಇವೆ. ಎ2, ಬಿ51 ಎಂಬ ಬಗೆಗಳು ಆ ನಾಡಿನಲ್ಲಿ ಸಾಮಾನ್ಯ. ಹಾಗೆಂದು ಇಬ್ಬರು ಸೌದಿಗಳ ಇಡೀ ಕಂತೆ ಹೊಂದಿಕೊಳ್ಳುತ್ತದೆ ಎನ್ನುವಂತಿಲ್ಲ. ವಂಶದ ಹೆಮ್ಮೆ ಕೊಚ್ಚಿಕೊಳ್ಳುವವರು ಇದನ್ನು ಗಮನಿಸಬೇಕು.

ಮಗುವಿಗೆ ರಕ್ತದ ಕ್ಯಾನ್ಸರ್ ಅಥವಾ ಥಲಸ್ಸೀಮಿಯಾ ಬಂದು ಅಸ್ಥಿಮಜ್ಜೆಯ ಕಸಿ ಬೇಕಾದಾಗ ಈ ಹೊಂದಾಣಿಕೆಯೇ ಜೀವದ ಪ್ರಶ್ನೆ. ಒಡಹುಟ್ಟಿದ ಒಬ್ಬರೊಂದಿಗೆ ಪೂರ್ತಿ ಹೊಂದುವ ಸಾಧ್ಯತೆ 25%. ಮೂವರಿದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು 58%. ಸೌದಿಯಲ್ಲಿ ಕುಟುಂಬಗಳು ದೊಡ್ಡವು, ರಕ್ತಸಂಬಂಧದ ಮದುವೆಗಳೂ ಹೆಚ್ಚು. ಹಾಗಾಗಿ ಮನೆಯೊಳಗೇ ದಾನಿ ಸಿಗುವ ಅವಕಾಶ ಹೆಚ್ಚು. ಆದರೆ ಅದೇ ಮದುವೆಗಳಿಂದ ಥಲಸ್ಸೀಮಿಯಾದ ಅಪಾಯವೂ ಏರುತ್ತದೆ. 2004ರಿಂದ ಅಲ್ಲಿ ನಿಕಾಹ್‌ಗೆ ಮುನ್ನ ರಕ್ತಪರೀಕ್ಷೆ ಕಡ್ಡಾಯ. ನಮ್ಮಲ್ಲೂ ಸೋದರ ಸಂಬಂಧದ ನಿಕಾಹ್ ಮಾಡುವವರು ಯಾರೂ ಹೇಳುವ ಮೊದಲೇ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ದಾನಿ ಸಿಗದವರಿಗೆ ಅಪರಿಚಿತರೇ ಗತಿ. ಅದಕ್ಕೆಂದೇ ಸೌದಿಯಲ್ಲಿ ದಾನಿಗಳ ನೋಂದಣಿ ಇದೆ. ನಮ್ಮ ದೇಶದಲ್ಲಿ ಚೆನ್ನೈನ ದಾತ್ರಿ ಸಂಸ್ಥೆ 2009ರಿಂದ ಈ ಕೆಲಸ ಮಾಡುತ್ತಿದೆ. ಎಚ್‌ಎಲ್‌ಎ ಪೂರ್ವಜರ ಜಾಡು ಹಿಡಿದು ಬರುವುದರಿಂದ ನಮ್ಮ ಮಗುವಿಗೆ ನಮ್ಮ ಸಮುದಾಯದವರೇ ಹೊಂದುವ ಸಂಭವ ಹೆಚ್ಚು. ನಾವೇ ಹೆಸರು ಬರೆಸದಿದ್ದರೆ ಹುಡುಕುವವರಿಗೆ ಏನು ಸಿಕ್ಕೀತು?

ಇದು ಜಾಯಿಝೇ ಎಂದು ಕೆಲವರು ಕೇಳುತ್ತಾರೆ. ಸೌದಿಯ ಹಿರಿಯ ಉಲಮಾಗಳ ಮಂಡಳಿ 1982ರಲ್ಲೇ ಅಂಗಾಂಗ ಕಸಿಗೆ ಅನುಮತಿ ನೀಡಿದೆ. ಅಸ್ಥಿಮಜ್ಜೆಯಾದರೋ ಕೊಟ್ಟ ಮೇಲೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಹೆಸರು ಬರೆಸಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ಮುಂದೆ ಕರೆ ಬಂದರೆ, ಹೆಚ್ಚಿನ ಸಂದರ್ಭಗಳಲ್ಲಿ ರಕ್ತದಾನದಂತೆ ತೋಳಿನಿಂದಲೇ ಕಾಂಡಕೋಶಗಳನ್ನು ತೆಗೆಯುತ್ತಾರೆ.